ತೆನೆಗೂ ಬಳ್ಳಕ್ಕೂ ನಡುವೆ

‘ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ.’ ಎಸ್ಸೆಸ್ಸೆಲ್ಸಿಯ ಕನ್ನಡ ಪತ್ರಿಕೆಯಲ್ಲಿ ‘ಗಾದೆಯನ್ನು ವಿಸ್ತರಿಸಿ ಬರೆಯಿರಿ’ ಎಂಬ ಪ್ರಶ್ನೆಗೆ ಉತ್ತರ ಬರೆದವರಿಗೆಲ್ಲ ಈ ಮಾತಿನ ಸಿದ್ಧ ಅರ್ಥ ಗೊತ್ತು. ಚಿಕ್ಕದು ಸೇರಿ ದೊಡ್ಡದಾಗುತ್ತದೆ, ಆದ್ದರಿಂದ ಉಳಿತಾಯ ಮಾಡು. ಎರಡು ಅರ್ಧಗಳೂ ಒಂದನ್ನೇ ಹೇಳುತ್ತವೆ, ಪ್ರಾಸದ ಚಂದಕ್ಕೆ ಎರಡು ಸಲ ಹೇಳಿದ್ದಾರೆ ಎಂದೇ ನಮಗೆ ಕಲಿಸಿದ್ದು. ಯಲಹಂಕ ಉಪನಗರದ ನಮ್ಮ ಮನೆಯಲ್ಲಿ ಓದದೆ ಉಳಿದ ಪುಸ್ತಕಗಳ ರಾಶಿ ಕಪಾಟು ತುಂಬಿ, ಮಂಚದ ಕೆಳಗೆ ಇಳಿದು, ಈಗ ಹಜಾರದ ಗೋಡೆಗುಂಟ ಏರುತ್ತಿದೆ. ಆ ರಾಶಿಯನ್ನು ಎದುರಿಗಿಟ್ಟುಕೊಂಡು ಗಾದೆಯನ್ನು ಓದಿದರೆ, ಅದರ ಎರಡು ಅರ್ಧಗಳು ಎರಡು ಬೇರೆ ಸಂಗತಿಗಳನ್ನು ಹೇಳುತ್ತಿವೆ ಅನ್ನಿಸುತ್ತದೆ.

ಹನಿ ಹಳ್ಳವಾಗುವುದಕ್ಕೆ ಯಾರೂ ಏನೂ ಮಾಡಬೇಕಾಗಿಲ್ಲ. ಮಳೆ ಬಿದ್ದರೆ ಸಾಕು, ಮಿಕ್ಕಿದ್ದನ್ನು ನೆಲದ ಇಳಿಜಾರು ನೋಡಿಕೊಳ್ಳುತ್ತದೆ. ಯಲಹಂಕದ ಕಡೆಯ ನೀರು ಜಕ್ಕೂರು ಕೆರೆಗೆ, ಜಕ್ಕೂರಿನದು ರಾಚೇನಹಳ್ಳಿ ಕೆರೆಗೆ ಇಳಿಯುವುದು ಹಾಗೆಯೇ. ಪುಸ್ತಕಗಳೂ ಮನೆಗೆ ಹೀಗೇ ಬರುತ್ತವೆ. ಅರಮನೆ ಮೈದಾನದಲ್ಲಿ ಪುಸ್ತಕ ಮೇಳ ನಡೆದರೆ ಹೆಬ್ಬಾಳ, ಆರ್.ಟಿ. ನಗರದವರಿಗೆ ಮನೆಬಾಗಿಲಲ್ಲೇ ನಡೆದಂತೆ. ಮೇಖ್ರಿ ಸರ್ಕಲ್ ದಾಟಿದರೆ ಆಯಿತು. 2025ರ ಫೆಬ್ರವರಿ ಕೊನೆಯಲ್ಲಿ ವಿಧಾನಸೌಧದ ಆವರಣದಲ್ಲೇ ಮೇಳ ನಡೆದಾಗ, ಆ ಕಟ್ಟಡದ ಒಳಗೆ ಒಮ್ಮೆಯೂ ಕಾಲಿಡದವರು ಚೀಲ ಹಿಡಿದು ಹೋಗಿ ಬಂದರು. ನವೆಂಬರ್ ಬಂತೆಂದರೆ ರಾಜ್ಯೋತ್ಸವದ ರಿಯಾಯಿತಿ. 2021ರ ಆಗಸ್ಟ್‌ನಲ್ಲಿ ಸರ್ಕಾರಿ ಸಮಾರಂಭಗಳಿಗೆ ಹಾರ ತುರಾಯಿ ಬೇಡ, ಕನ್ನಡ ಪುಸ್ತಕ ಕೊಡಿ ಎಂಬ ಆದೇಶ ಹೊರಟಿತು. ಒಳ್ಳೆಯ ಆದೇಶ. ಆ ರೂಢಿ ಶಾಲೆಯ ವಾರ್ಷಿಕೋತ್ಸವ, ನಿವೃತ್ತಿಯ ಬೀಳ್ಕೊಡುಗೆಗಳಲ್ಲೂ ಕಾಣುತ್ತಿರುವುದು ನನಗೆ ಸಂತೋಷವೇ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಅವರ ಕಥೆಗಳನ್ನು ಕೊಂಡೆವು. ಸೆಪ್ಟೆಂಬರ್‌ನಲ್ಲಿ ಭೈರಪ್ಪನವರು ತೀರಿಕೊಂಡಾಗ, ಎಂದೋ ಎರವಲು ಪಡೆದು ಓದಿದ್ದ ‘ಗೃಹಭಂಗ’ ಮನೆಯಲ್ಲೊಂದು ಇರಲಿ ಎಂದು ತಂದೆವು. ಪ್ರತಿಯೊಂದಕ್ಕೂ ತಕ್ಕ ಕಾರಣ ಇತ್ತು. ಹನಿಯನ್ನು ಬೇಡ ಎನ್ನುವುದು ಕಷ್ಟ.

ಈ ಹಳ್ಳದ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕು. ಕೆಲಸ, ಮನೆ, ಹೆಬ್ಬಾಳದ ಮೇಲ್ಸೇತುವೆಯ ಟ್ರಾಫಿಕ್ ಎಲ್ಲ ಕಳೆದು ಒಬ್ಬರು ದಿನಕ್ಕೆ 20 ಪುಟ ಓದುತ್ತಾರೆ ಎನ್ನೋಣ. ವರ್ಷಕ್ಕೆ 7,300 ಪುಟ. ಪುಸ್ತಕಕ್ಕೆ 250 ಪುಟ ಹಿಡಿದರೆ 29 ಪುಸ್ತಕ. ಮನೆಯಲ್ಲಿ ಓದದ ಪುಸ್ತಕ 300 ಇದ್ದರೆ, ಹೊಸದು ಒಂದೂ ಬರದಿದ್ದರೂ ಹತ್ತು ವರ್ಷದ ಓದು. ತಿಂಗಳಿಗೆ ಎರಡು ಬರುತ್ತಿದ್ದರೆ ವರ್ಷಕ್ಕೆ ಕರಗುವುದು ಐದೇ ಐದು; ಅದೇ ರಾಶಿಗೆ 60 ವರ್ಷ ಬೇಕು. ತಿಂಗಳಿಗೆ ಮೂರು ಬಂದರೆ ಎಂದಿಗೂ ಮುಗಿಯುವುದಿಲ್ಲ. ಇಷ್ಟು ಗೊತ್ತಾದಮೇಲೆ ‘ಎಲ್ಲವನ್ನೂ ಓದಿ ಮುಗಿಸುತ್ತೇನೆ’ ಎಂಬ ಸಂಕಲ್ಪವನ್ನು ಕೈಬಿಡುವುದೇ ಸರಿ. ಸಾಲ ತೀರಿಸಿದಂತೆ ಓದಲು ಹೊರಟವರು ಪುಟ ಎಣಿಸುತ್ತಾರೆ, ಪುಸ್ತಕ ಅವರಿಗೆ ದಕ್ಕುವುದಿಲ್ಲ.

ಇಲ್ಲಿಗೆ ಗಾದೆಯ ಎರಡನೆಯ ಅರ್ಧ ಬರುತ್ತದೆ. ತೆನೆ ಎಷ್ಟು ಕೂಡಿದರೂ ತಾನಾಗಿ ಬಳ್ಳವಾಗುವುದಿಲ್ಲ. ಪಾವು, ಸೇರು, ಬಳ್ಳ, ಕೊಳಗ, ಖಂಡುಗ ಎಂದು ಅಳೆಯುತ್ತಿದ್ದುದು ಕಾಳನ್ನು. ಹೊಲದ ತೆನೆಗೂ ಬಳ್ಳದ ಕಾಳಿಗೂ ನಡುವೆ ಒಕ್ಕಣೆ ಇದೆ. ಗಾದೆ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳುತ್ತಿದ್ದವರಿಗೂ ಕೇಳುತ್ತಿದ್ದವರಿಗೂ ಅದು ಮೈಮುರಿದು ಗೊತ್ತಿದ್ದ ಕೆಲಸ. ನಾವು ಈಗ ಅಪಾರ್ಟ್‌ಮೆಂಟ್ ಕಟ್ಟಿಕೊಂಡಿರುವ ನೆಲ ಹಿಂದೆ ರಾಗಿ ಹೊಲವೇ. ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಬೇಲಿಯೊಳಗೆ ಇಂದಿಗೂ ರಾಗಿ ತೆನೆ ತೂಗುವುದನ್ನು ನೋಡಬಹುದು; ಅಲ್ಲಿಂದ ದೊಡ್ಡಬಳ್ಳಾಪುರದ ದಿಕ್ಕಿಗೆ ಹೋದರೆ ರೈತರ ಹೊಲಗಳೇ ಸಿಗುತ್ತವೆ.

ರಾಗಿಯನ್ನು ಕೊಯ್ದ ಕೂಡಲೇ ಬಡಿಯುವುದಿಲ್ಲ. ಒಣಗಿಸಿ, ಕಟ್ಟು ಕಟ್ಟಿ, ಮೆದೆ ಒಟ್ಟುತ್ತಾರೆ. ಮೆದೆಯೊಳಗೆ ವಾರಗಟ್ಟಲೆ ಕೂತು ತೆನೆ ಹದಕ್ಕೆ ಬರುತ್ತದೆ, ಆಮೇಲೆ ಕಾಳು ಸಲೀಸಾಗಿ ಬಿಡುತ್ತದೆ. ಓದದೆ ಇಟ್ಟ ಪುಸ್ತಕದ ಬಗ್ಗೆ ನಮಗಿರುವ ಅಳುಕಿಗೆ ಇದಕ್ಕಿಂತ ಒಳ್ಳೆಯ ಸಮಾಧಾನ ನನಗೆ ಸಿಕ್ಕಿಲ್ಲ. ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಕಾಲೇಜಿನಲ್ಲಿ ಕೊಂಡು, ಹತ್ತಿಪ್ಪತ್ತು ಪುಟಕ್ಕೆ ನಿಲ್ಲಿಸಿ, ಊರಿನ ಮನೆ ಬೀಗ ಹಾಕಿಸಿಕೊಂಡ ಮೇಲೆ ತೆರೆದು ನೋಡಿ. ಮೂರು ತಲೆಮಾರಿನ ಕಥೆ ಅದು. ಓದುವವರ ಬದುಕಿನಲ್ಲೂ ಒಂದೆರಡು ತಲೆಮಾರು ಸರಿದಿದ್ದರೆ ಪುಟಗಳು ಬೇರೆಯದೇ ದನಿಯಲ್ಲಿ ಮಾತನಾಡುತ್ತವೆ. ಪುಸ್ತಕ ಕಪಾಟಿನಲ್ಲಿ ಕೂತಿದ್ದಷ್ಟು ದಿನ ಹದವಾಗುತ್ತಿದ್ದವರು ನಾವು.

ಹಾಗೆಂದು ಮೆದೆಯನ್ನು ಮರೆತರೆ ಇಲಿ ತಿನ್ನುತ್ತದೆ, ಮಳೆಗೆ ನೆನೆದು ಮೊಳಕೆ ಬರುತ್ತದೆ. ಉತ್ತರ ಬೆಂಗಳೂರಿನ ಮನೆಗಳಲ್ಲಿ ಕಟ್ಟಡ ಕಾಮಗಾರಿಯ ಧೂಳು ವರ್ಷವಿಡೀ ಪುಸ್ತಕದ ನೆತ್ತಿಯ ಮೇಲೆ ಕೂರುತ್ತದೆ, ಮಳೆಗಾಲದಲ್ಲಿ ಅದೇ ಧೂಳು ಪಸೆ ಹಿಡಿದು ಮುಗ್ಗಲಾಗುತ್ತದೆ. ಒಕ್ಕಣೆಗೆ ಒಂದು ಕಾಲ ಅಂತ ಇರಬೇಕು. ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನು ಪೂಜೆಗಿಟ್ಟರೆ ಅವನ್ನು ಓದುವಂತಿಲ್ಲ. ವಿಜಯದಶಮಿಯ ದಿನ ತೆಗೆದು ನಾಲ್ಕು ಸಾಲಾದರೂ ಓದಲೇಬೇಕು. ನಮ್ಮ ಮನೆಗಳಲ್ಲಿ ಇಡುವ ಅರ್ಧ ಉಳಿದಿದೆ, ತೆಗೆದು ಓದುವ ಅರ್ಧ ಮಸುಕಾಗಿದೆ. ಆ ಎರಡನೆಯ ಅರ್ಧವನ್ನು ಮತ್ತೆ ಗಟ್ಟಿ ಮಾಡಬೇಕು ಎಂಬುದು ನನ್ನ ಆಸೆ.

ಹಳೆಯ ಮೈಸೂರು ಸೀಮೆಯವರು ಕಾಳನ್ನು ಕೂಡಿಟ್ಟ ಬಗೆಯನ್ನೂ ಇಲ್ಲಿ ನೆನೆಯಬೇಕು. ಹಗೇವು ಎಂದರೆ ನೆಲದೊಳಗಿನ ಕಣಜ. ಅದರಲ್ಲಿ ರಾಗಿ ವರ್ಷಾನುವರ್ಷ ಕೆಡದೆ ಇರುತ್ತಿತ್ತು. ಬರ ಬಂದಾಗ ಊರನ್ನು ಉಳಿಸಿದ್ದು ಆ ತಿನ್ನದೆ ಇಟ್ಟ ರಾಗಿಯೇ. ತೆರೆಯುವಾಗ ಮಾತ್ರ ಆತುರ ಪಡುತ್ತಿರಲಿಲ್ಲ. ಬಾಯಿ ತೆಗೆದು, ಒಳಗಿನ ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ ಅದು ಆರದೆ ಉರಿಯುತ್ತದೆಯೇ ಎಂದು ನೋಡಿ ಇಳಿಯುತ್ತಿದ್ದರು. ನಮ್ಮ ನೆಲ ಬರಹವನ್ನೂ ಹಾಗೆ ಕಾಪಾಡಿದೆ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲದ್ದು. ಹೋರಾಡಿ ಮಡಿದ ಒಬ್ಬನ ಹೆಸರೂ ಪೆರ್ಬೊಳಲು ನಾಡು ಎಂಬ ಊರ ಹಳೆಯ ಹೆಸರೂ ಆ ಕಲ್ಲಿನ ಮೇಲೆ ಇದ್ದವು. ಓದುವವರು ಬರುವವರೆಗೆ ಅಕ್ಷರ ಕಾಯಿತು, ಬಂದಾಗ ಒಪ್ಪಿಸಿತು.

ಮನುಷ್ಯರು ಕಟ್ಟಿದ ಹಗೇವಿಗೆ ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಗೆ ಹೋಗಬೇಕು. ಬಸ್ ಕಂಡಕ್ಟರ್ ಆಗಿದ್ದು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ಅಲ್ಲಿ ‘ಪುಸ್ತಕ ಮನೆ’ ಮಾಡಿದ್ದಾರೆ. ಸಂಬಳದ ಬಹುಪಾಲು ಪುಸ್ತಕಕ್ಕೆ ಹಾಕಿದವರು, ಮೈಸೂರಿನ ಸ್ವಂತ ಮನೆಯನ್ನೂ ಅದಕ್ಕಾಗಿ ಮಾರಿದವರು. ಲಕ್ಷಗಟ್ಟಲೆ ಪುಸ್ತಕಗಳು ಕಪಾಟಿನಲ್ಲಿ ಹಿಡಿಸದೆ ನೆಲದ ಮೇಲೂ ರಾಶಿಬಿದ್ದಿವೆ. ಅಷ್ಟನ್ನು ಓದುವುದು ಒಂದು ಆಯುಷ್ಯದ ಮಾತಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಲು ಸಾಧ್ಯ? ಅವರು ಬಾಗಿಲು ತೆರೆದಿಟ್ಟರು. ಯಾರು ಬೇಕಾದರೂ ಬಂದು ದುಡ್ಡು ಕೊಡದೆ ಓದಬಹುದು. ನನ್ನ ಹಜಾರದ ರಾಶಿಗೂ ಅವರ ರಾಶಿಗೂ ಇರುವ ವ್ಯತ್ಯಾಸ ಗಾತ್ರದ್ದಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಅವರದಕ್ಕೆ ಬಾಗಿಲಿದೆ.

ಇನ್ನು ಒಕ್ಕಣೆಯ ಕೆಲಸ. ನಾನು ಮೊದಲು ಕೈಗೆತ್ತಿಕೊಂಡದ್ದು ಅವೆನ್ಯೂ ರಸ್ತೆಯಲ್ಲಿ ಬಹಳ ಹಿಂದೆ ಕೊಂಡ ಒಂದು ಹಳೆಯ ಪ್ರಬಂಧ ಸಂಕಲನ. ಅದರ ಹಾಳೆಗಳ ಅಂಚು ಕತ್ತರಿಸಿರಲಿಲ್ಲ. ಮಡಿಕೆ ಮಡಿಕೆಯಾಗಿ ಅಂಟಿಕೊಂಡೇ ಇದ್ದವು. ಎಂದರೆ ಅಚ್ಚಾದ ದಿನದಿಂದ ಯಾರೂ ಓದಿಲ್ಲ. ಒಳಗಿನ ಮೊದಲ ಪುಟದಲ್ಲಿ ಮದುವೆಯ ಉಡುಗೊರೆ ಎಂದು ನೀಲಿ ಶಾಯಿಯಲ್ಲಿ ಬರೆದಿತ್ತು, ತಾರೀಖು ಮಾಸಿತ್ತು. ಮೊಂಡು ಚಾಕುವನ್ನು ಮಡಿಕೆಯೊಳಗೆ ತೂರಿಸಿ, ಮೇಲಕ್ಕೆಳೆಯದೆ ಹೊರಕ್ಕೆ ಸರಿಸುತ್ತ ಬಂದರೆ ಹಾಳೆ ಹರಿಯದೆ ಬಿಡಿಸಿಕೊಳ್ಳುತ್ತದೆ. ಚೂಪಾದ ಚಾಕು ಅಂಕೆ ತಪ್ಪಿ ಅಕ್ಷರದ ಮೇಲೆ ಹೋಗುತ್ತದೆ. ನಾಲ್ಕು ಪುಟ ಬಿಡಿಸು, ನಾಲ್ಕು ಪುಟ ಓದು. ಬೇರೆ ದಾರಿಯೇ ಇಲ್ಲ. ತೊಡೆಯ ಮೇಲೆ ಕಾಗದದ ಪುಡಿ ಉದುರುತ್ತಿತ್ತು. ಆ ಓದಿನಲ್ಲಿ ಮುಂದಿನ ಪುಟಕ್ಕೆ ಹಾರುವ ಚಾಳಿ ತಾನಾಗಿ ನಿಂತುಹೋಯಿತು.

ಕಣದಲ್ಲಿ ಕಾಳು ಅಳೆಯುವಾಗ ಮೊದಲನೆಯ ಅಳತೆಯನ್ನು ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಲಾಭ, ಎರಡು, ಮೂರು ಎಂದು ಲೆಕ್ಕ ಸಾಗುತ್ತದೆ. ಎಷ್ಟು ಉಳಿದಿದೆ ಎಂಬುದನ್ನು ಎಣಿಸುವುದು ಬಿಟ್ಟು ಮುಗಿದದ್ದನ್ನು ಹೀಗೆ ಎಣಿಸಿದರೆ ಮುನ್ನೂರರ ಎದುರು ಒಂದು ಪುಸ್ತಕ ಕೂಡ ಕಡಿಮೆ ಎನಿಸುವುದಿಲ್ಲ.

ತೂರುವಾಗ ಜೊಳ್ಳು ಗಾಳಿಗೆ ಹಾರಲೇಬೇಕು. ಇದನ್ನು ಹೇಳಲು ಕನ್ನಡದ ಓದುಗರು ಹಿಂಜರಿಯುತ್ತಾರೆ, ಪುಸ್ತಕ ಕಾಲಿಗೆ ತಾಗಿದರೂ ಕಣ್ಣಿಗೊತ್ತಿಕೊಳ್ಳುವ ನಮ್ಮ ಸಂಸ್ಕಾರ ಅಂಥದ್ದು. ಆದರೆ ಐವತ್ತು ಪುಟ ಓದಿದರೂ ಒಳಕ್ಕೆ ಕರೆಯದ ಪುಸ್ತಕವನ್ನು ಕೆಳಗಿಡುವುದು ಅವಮಾನವಲ್ಲ. ನನಗೆ ಜೊಳ್ಳಾದದ್ದು ಇನ್ನೊಬ್ಬರಿಗೆ ಕಾಳು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆ ಹಾಕಿಕೊಟ್ಟ ಐದು ಸೂತ್ರಗಳಲ್ಲಿ ಪ್ರತಿ ಪುಸ್ತಕಕ್ಕೂ ಒಬ್ಬ ಓದುಗ ಇದ್ದಾನೆ ಎಂಬುದೂ ಒಂದು. ಆ ಓದುಗ ನಾನೇ ಆಗಬೇಕೆಂದು ಅವರು ಹೇಳಲಿಲ್ಲ. ಇಂದು ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ‘ಅರಿವು ಕೇಂದ್ರ’ ಎಂಬ ಹೆಸರಿನ ಗ್ರಂಥಾಲಯಗಳು ಐದು ಸಾವಿರಕ್ಕೂ ಹೆಚ್ಚಿವೆ. ಯಲಹಂಕದಿಂದ ರಾಜಾನುಕುಂಟೆ, ಹೆಸರಘಟ್ಟದ ಕಡೆ ಹೊರಟರೆ ನಗರ ಮುಗಿದು ಪಂಚಾಯಿತಿ ಶುರುವಾಗುತ್ತದೆ. ಅಲ್ಲಿನ ಅರಿವು ಕೇಂದ್ರಕ್ಕೆ ಪುಸ್ತಕ ಕೊಡುವ ಮೊದಲು ಅವರಿಗೆ ಏನು ಬೇಕೆಂದು ಕೇಳಬೇಕು. ಮಕ್ಕಳ ಕಥೆ, ಸ್ಪರ್ಧಾತ್ಮಕ ಪರೀಕ್ಷೆಗೆ ಬೇಕಾದ ಇತಿಹಾಸ, ವಿಜ್ಞಾನದ ಪುಸ್ತಕಗಳಿಗೆ ಕೈಗಳು ಕಾದಿರುತ್ತವೆ. ಗೆದ್ದಲು ಹಿಡಿದದ್ದನ್ನು ಅಲ್ಲಿಗೆ ಸಾಗಿಸುವುದು ದಾನವಲ್ಲ. ಕೊಳ್ಳುವುದನ್ನು ಹಿಡಿತಕ್ಕೆ ತರಲೂ ಗ್ರಂಥಾಲಯವೇ ದಾರಿ. ಆಸ್ತಿ ತೆರಿಗೆಯ ರಸೀದಿಯಲ್ಲಿ ಗ್ರಂಥಾಲಯ ಕರ ಎಂಬ ಸಾಲು ಇರುತ್ತದೆ, 1965ರ ಕಾಯ್ದೆಯಿಂದ ಬಂದದ್ದು. ನಾವು ಪ್ರತಿ ವರ್ಷ ಕಟ್ಟುತ್ತಿರುವ ಆ ಹಣದ ಕಪಾಟುಗಳನ್ನು ಹೋಗಿ ನೋಡುವವರು ಎಷ್ಟು ಮಂದಿ?

ಗಾದೆಯಲ್ಲಿ ಎರಡು ಸಲ ಬರುವ ‘ಗೂಡಿದರೆ’ ಬಗ್ಗೆ ಇನ್ನೊಂದು ಮಾತಿದೆ. ಒಕ್ಕಣೆ ಒಬ್ಬರ ಕೈಯ ಕೆಲಸವಾಗಿರಲಿಲ್ಲ. ಇಂದು ನಿಮ್ಮ ಕಣಕ್ಕೆ ನಾವು, ನಾಳೆ ನಮ್ಮ ಕಣಕ್ಕೆ ನೀವು ಎಂಬ ಮುಯ್ಯಾಳಿನ ಲೆಕ್ಕದಲ್ಲಿ ಅದು ನಡೆಯುತ್ತಿತ್ತು. ತೆನೆ ಕೂಡಿದಷ್ಟೇ ಆಳೂ ಕೂಡಬೇಕಿತ್ತು. ನಗರದಲ್ಲಿ ಓದು ಮಾತ್ರ ಬಾಗಿಲು ಹಾಕಿಕೊಂಡು ಒಬ್ಬರೇ ಮಾಡುವ ಕೆಲಸವಾಗಿ ಉಳಿಯಿತು. 2023ರಲ್ಲಿ ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಶನಿವಾರ ಬೆಳಿಗ್ಗೆ ಜನ ತಮ್ಮ ತಮ್ಮ ಪುಸ್ತಕ ತಂದು ಒಟ್ಟಿಗೆ ಕೂತು ಮೌನವಾಗಿ ಓದತೊಡಗಿದರು. ‘ಕಬ್ಬನ್ ರೀಡ್ಸ್’ ಎಂಬ ಆ ಕೂಟ ಬೇರೆ ಊರುಗಳಿಗೂ ಹಬ್ಬಿದ್ದು ನನಗೆ ಆಶ್ಚರ್ಯ ತರಲಿಲ್ಲ. ಜೊತೆಗೊಬ್ಬರು ಓದುತ್ತಿದ್ದಾರೆ ಎಂಬುದೇ ಫೋನನ್ನು ಜೇಬಿನಲ್ಲಿಡಿಸುತ್ತದೆ.

ನಮ್ಮ ಕಟ್ಟಡದಲ್ಲಿ ಇದನ್ನು ಮುಯ್ಯಿಯ ಹಾಗೆಯೇ ನಡೆಸುತ್ತಿದ್ದೇವೆ. ತಿಂಗಳಿಗೆ ಒಂದು ಮನೆಯ ರಾಶಿ. ಆ ಮನೆಯವರು ಓದದೆ ಇಟ್ಟ ಪುಸ್ತಕಗಳನ್ನು ಹಜಾರದಲ್ಲಿ ಹರಡುತ್ತಾರೆ. ಬಂದವರು ಒಂದೊಂದು ಆರಿಸಿ ಒಯ್ಯುತ್ತಾರೆ, ಮುಂದಿನ ತಿಂಗಳು ತಂದು ಏನು ಸಿಕ್ಕಿತು ಎಂದು ಹೇಳುತ್ತಾರೆ. ಹೇಳಿದ್ದನ್ನು ಕೇಳಿ ಮನೆಯವರಿಗೇ ಆಸೆ ಹುಟ್ಟಿದರೆ ಪುಸ್ತಕ ಅವರ ತಲೆದಿಂಬಿನ ಪಕ್ಕಕ್ಕೆ ಹೋಗುತ್ತದೆ, ಹುಟ್ಟದಿದ್ದರೆ ಅರಿವು ಕೇಂದ್ರದ ಚೀಲಕ್ಕೆ. ನಮ್ಮ ‘ಮಲೆಗಳಲ್ಲಿ ಮದುಮಗಳು’ ಹೀಗೆ ಎದುರು ಮನೆಗೆ ಹೋಗಿ ಹಿಂದಿರುಗಿದೆ, ಈಗ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಗಟ್ಟಿಯಾಗಿ ಓದುತ್ತಿದ್ದೇವೆ; ನಾಯಿಗುತ್ತಿಯ ಭಾಗಗಳನ್ನು ಓದಲು ಮಕ್ಕಳಲ್ಲಿ ಪೈಪೋಟಿ. ಈ ತಿಂಗಳು ಮೂರನೆಯ ಮಹಡಿಯವರ ಸರದಿ. ಅವರ ಕಪಾಟಿನಲ್ಲಿ ರಾವಬಹಾದ್ದೂರರ ‘ಗ್ರಾಮಾಯಣ’ ಇದೆ, ಅದು ನನಗೆ ಎಂದು ಈಗಾಗಲೇ ಹೇಳಿ ಬಂದಿದ್ದೇನೆ.