ಮೈಲೇಜಿನ ಲೆಕ್ಕ ಯಾರ ಕೈಯಲ್ಲಿದೆ?

 

ನಾನು ಚಾಮರಾಜನಗರದಿಂದ ಗುಂಡ್ಲುಪೇಟೆಯ ಶಾಲೆಗೆ ದಿನವೂ ಕಾರಿನಲ್ಲಿ ಹೋಗುತ್ತೇನೆ. ತೆರಕಣಾಂಬಿ ಮೇಲೆ ಹೋಗಿ ಬರಲು ಸುಮಾರು 70 ಕಿ.ಮೀ. ಜೊತೆಗೆ ಮೂವರು ಸಹೋದ್ಯೋಗಿಗಳು. ಪೆಟ್ರೋಲ್ ಖರ್ಚನ್ನು ನಾಲ್ವರೂ ಸಮನಾಗಿ ಹಂಚಿಕೊಳ್ಳುವುದೆಂದು ಮಾತಾಗಿತ್ತು. ಲೀಟರಿಗೆ 14 ಕಿ.ಮೀ. ಎಂದು ಅಂದಾಜು ಹೇಳಿದವನು ನಾನೇ. ದಿನಕ್ಕೆ 5 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದು ತಲೆಗೆ 125.

ಒಮ್ಮೆ ಸರಿಯಾಗಿ ಅಳೆಯೋಣ ಎನಿಸಿತು. ಟ್ಯಾಂಕ್ ಫುಲ್ ಮಾಡಿಸಿ ಟ್ರಿಪ್ ಮೀಟರನ್ನು ಸೊನ್ನೆಗೆ ತಂದೆ. ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿದೆ. 16 ಬಂತು. ಆಮೇಲೆ ಟೈರ್ ತಣ್ಣಗಿರುವಾಗ, ಬಾಗಿಲ ಬಳಿಯ ಚೀಟಿಯಲ್ಲಿ ಬರೆದಷ್ಟು ಗಾಳಿ ಹಾಕಿಸಿದೆ. ಡಿಕ್ಕಿಯ ಬೇಡದ ಭಾರ ಇಳಿಸಿದೆ. ಹತ್ತು ನಿಮಿಷ ಮೊದಲೇ ಹೊರಟು, ದಡಕ್ಕನೆ ಬ್ರೇಕ್ ಹಾಕದೆ 60ರ ಆಸುಪಾಸಿನಲ್ಲಿ ಓಡಿಸಿದೆ. ಮೂರು ಟ್ಯಾಂಕಿನ ಸರಾಸರಿ 17.5. ಅಂದರೆ ದಿನಕ್ಕೆ 4 ಲೀಟರ್, ತಲೆಗೆ 100.

ಇದು ಗೊತ್ತಾದ ಮೇಲೂ ನಾನು ಒಂದು ತಿಂಗಳು 125 ರೂಪಾಯಿಯನ್ನೇ ಪಡೆದೆ. ಮೂವರಲ್ಲಿ ಒಬ್ಬರು ಅತಿಥಿ ಶಿಕ್ಷಕಿ. 24 ದಿನಕ್ಕೆ ಅವರಿಂದ 600 ರೂಪಾಯಿ ಹೆಚ್ಚಿಗೆ.

ಮನಸ್ಸು ವಕೀಲಿಕೆ ಮಾಡಿತು. ಮೈಲೇಜ್ ಹೆಚ್ಚಿಸಿದ್ದು ನನ್ನ ಶ್ರಮ, ಟೈರ್ ಸವೆಯುವುದು ನನ್ನದು, ವಿಮೆ ನನ್ನದು ಎಂದಿತು. ನಿಜವೇ. ಆದರೆ ಮಾತಾಗಿದ್ದು ಪೆಟ್ರೋಲಿಗೆ ಮಾತ್ರ. ಸವೆತದ ಹಣ ಬೇಕಿದ್ದರೆ ಬಾಯಿಬಿಟ್ಟು ಕೇಳಬೇಕಿತ್ತು.

ಕೊಡದಿರುವುದನ್ನು ತೆಗೆದುಕೊಳ್ಳಬಾರದು ಎಂಬುದು ಎರಡನೇ ಶೀಲ. ಅವರು ಕೈಯಾರೆ ಕೊಟ್ಟದ್ದಲ್ಲವೇ ಎನ್ನಬಹುದು. ಆದರೆ ನಿಜವಾದ ಲೆಕ್ಕ ತಿಳಿಯದೆ ಕೊಟ್ಟದ್ದು ಕೊಟ್ಟಂತಾಗುವುದಿಲ್ಲ. ಕಳ್ಳತನ ಮಾಡುವುದಿಲ್ಲ, ಸುಳ್ಳು ಹೇಳುವುದಿಲ್ಲ ಎಂಬ ಮಾತುಗಳು ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲೂ ಇವೆ. ನನ್ನ ಮೌನದಲ್ಲಿ ಎರಡೂ ಮುರಿದಿದ್ದವು.

ಒಂದು ಸಂಜೆ ಕಾರಿನಲ್ಲೇ ಎಲ್ಲವನ್ನೂ ಹೇಳಿದೆ. ಇಬ್ಬರು ನಕ್ಕು ಸುಮ್ಮನಾದರು. "ನೀವು ಯಾಕೆ ಒಂದು ದಿನವೂ ಕೇಳಲಿಲ್ಲ ಮೇಡಂ?" ಎಂದೆ. ಅತಿಥಿ ಶಿಕ್ಷಕಿ ಹೇಳಿದರು: "ನಾನೆಂಗ್ ಕೇಳಕಾಯ್ತದೆ ಸಾರ್? ಗಾಡಿ ನಿಮ್ದು, ಲೆಕ್ಕಾನೂ ನಿಮ್ದು."

ಆ ಮಾತು ಇನ್ನೂ ಚುಚ್ಚುತ್ತಿದೆ. ನಮ್ಮ ಅಜ್ಜಂದಿರ ಕೂಲಿ, ಸಾಲದ ಲೆಕ್ಕ ಒಡೆಯರ ಪುಸ್ತಕದಲ್ಲಿತ್ತು, ಅವರು ಕೇಳುವಂತಿರಲಿಲ್ಲ. ಇಂದು ಪುಸ್ತಕ ನನ್ನ ಕೈಗೆ ಬಂದಾಗ ನಾನೂ ಹಾಗೆಯೇ ನಡೆದುಕೊಂಡೆ. ಈಗ ಹೆಚ್ಚಿಗೆ ಪಡೆದದ್ದನ್ನು, ಹಿಂದಿನದನ್ನೂ 16ರ ಲೆಕ್ಕದಲ್ಲಿ ಸೇರಿಸಿ, ಹಿಂದಿರುಗಿಸುತ್ತಿದ್ದೇನೆ. ಟ್ಯಾಂಕ್ ತುಂಬಿಸಿದಾಗಲೆಲ್ಲ ಬಂಕಿನ ರಸೀದಿ ಮತ್ತು ಮೀಟರಿನ ಫೋಟೋ ನಮ್ಮ ನಾಲ್ವರ ಗ್ರೂಪಿಗೆ ಹೋಗುತ್ತದೆ.

ಸಂಘದ ಪುಸ್ತಕವಿರಲಿ, ಜಯಂತಿಯ ಚಂದಾ ಇರಲಿ, ನಿಮ್ಮ ಕೈಯಲ್ಲಿರುವ, ಇನ್ನೊಬ್ಬರು ಕೇಳಲು ಹಿಂಜರಿಯುವ ಒಂದು ಲೆಕ್ಕವನ್ನು ಇಂದು ಅವರು ಕೇಳುವ ಮೊದಲೇ ತೋರಿಸಿ.

ಸಬ್ಬ ಮಂಗಲಂ.