ಕಾಳಿನ ಹೊತ್ತು, ಪಾರಣೆಯ ಹೊತ್ತು

ಹಸಿದ ಪ್ರಾಣಿಗೆ ಆಹಾರವು ಯಾವ ಹೊತ್ತಿಗೆ ದೊರೆಯುತ್ತದೆಂಬುದು ಅದರ ನಡೆಯನ್ನು ಎಷ್ಟರಮಟ್ಟಿಗೆ ರೂಪಿಸಬಲ್ಲುದು? ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ 1948ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ವ್ರತಿಕರೂ ವಿಚಾರಿಸತಕ್ಕಂಥದು. ಪಾರಿವಾಳಗಳನ್ನು ಸಹಜ ತೂಕದ ಮುಕ್ಕಾಲು ಪಾಲಿಗೆ ಇಳಿಯುವಂತೆ ಅರೆಹೊಟ್ಟೆಯಲ್ಲಿರಿಸಿ, ನಿಯತವಾದ ಅಂತರದಲ್ಲಿ, ಉದಾಹರಣೆಗೆ 15 ಸೆಕೆಂಡಿಗೊಮ್ಮೆ, ಕಾಳು ಎದುರಿಗೆ ಬರುವಂತೆ ಯಂತ್ರವನ್ನು ಅಳವಡಿಸಲಾಗಿತ್ತು. ಹಕ್ಕಿ ಏನು ಮಾಡಿದರೂ ಮಾಡದಿದ್ದರೂ ಕಾಳು ತಪ್ಪುತ್ತಿರಲಿಲ್ಲ. ಆದರೂ 8 ಹಕ್ಕಿಗಳಲ್ಲಿ 6 ಒಂದೊಂದು ಚೇಷ್ಟೆಯನ್ನು ಹಿಡಿದುವು. ಒಂದು ಅಪ್ರದಕ್ಷಿಣವಾಗಿ ಸುತ್ತಿತು. ಇನ್ನೊಂದು ಗೂಡಿನ ಮೇಲ್ಮೂಲೆಗೆ ತಲೆಯನ್ನು ಚಾಚಿತು. ಕಾಳು ಬಂದ ಗಳಿಗೆಯಲ್ಲಿ ತಾನು ಮಾಡುತ್ತಿದ್ದುದೇ ಕಾಳಿಗೆ ಕಾರಣವೆಂಬಂತೆ! ಕಾಳನ್ನು ನಿಲ್ಲಿಸಿದ ಬಳಿಕವೂ ಒಂದು ಹಕ್ಕಿ ತನ್ನ ಕುಪ್ಪಳಿಕೆಯನ್ನು 10,000ಕ್ಕೂ ಹೆಚ್ಚು ಸಲ ನಡೆಸಿತು.

1971ರಲ್ಲಿ ಸ್ಟ್ಯಾಡನ್ ಮತ್ತು ಸಿಮ್ಮೆಲ್‌ಹ್ಯಾಗ್ ಎಂಬವರು ಇದನ್ನೇ ಮತ್ತೆ ಪರಿಶೀಲಿಸಿ ಬೇರೊಂದನ್ನು ಕಂಡರು. ಕಾಳಿನ ಹೊತ್ತು ಸಮೀಪಿಸಿದಂತೆ ಹಕ್ಕಿಗಳು ಕುಕ್ಕುವುದಕ್ಕೆ ತೊಡಗುತ್ತಿದ್ದುವು; ಉಳಿದ ಚೇಷ್ಟೆಗಳೆಲ್ಲ ಕಾಳು ಇನ್ನೂ ದೂರವಿದ್ದಾಗಿನವು. ಕಾಳು ಬರುವ ಮೊದಲೇ ಕೊಕ್ಕು ಉಣ್ಣತೊಡಗಿರುತ್ತದೆ.

ಹಕ್ಕಿಯನ್ನು ಹೀಗೆ ಹಸಿವೆಗೆ ಗುರಿಪಡಿಸುವುದು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಒಂದಾದ ಅನ್ನಪಾನನಿರೋಧವೆಂಬುದನ್ನು ಇಲ್ಲಿ ಮರೆಯಲಾಗದು. ಈ ಅರಿವು ದೋಷದ ದಾರಿಯಿಂದ ಬಂದದ್ದು.

ಪಾರಿವಾಳದ ಹಸಿವು ಪರರು ಹೇರಿದ್ದು. ಶ್ರಾವಕನದು ತಾನೇ ಕೈಕೊಂಡದ್ದು. ಈ ಭೇದ ದೊಡ್ಡದೇ ಸರಿ, ಆದರೆ ಸಾಕಾಗುವುದೆ? ಚತುರ್ದಶಿಯ ರಾತ್ರಿಯೆಲ್ಲ ಮರುದಿನದ ಪಾರಣೆಯ ಅಡಿಗೆಯನ್ನು ನೆನೆಯುತ್ತ ಮಲಗಿದವನ ಬಾಯಿಗೆ ತುತ್ತು ಹೋಗಿಲ್ಲ, ಮನಸ್ಸು ಮಾತ್ರ ಉಂಡು ಮುಗಿಸಿದೆ. ಹೊತ್ತಿಗೆ ಸರಿಯಾಗಿ ಹೊಟ್ಟೆ ಚುರುಗುಟ್ಟುವುದು ದೇಹದ ರೂಢಿ. ಅದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಅದರೊಡನೆ ಮನಸ್ಸೂ ಎದ್ದು ಹೊರಡುವುದೇ ಪ್ರಶ್ನೆ. ನೋಂಪಿ ಮುಗಿದೊಡನೆ ಬಂದ ಲಾಭವನ್ನು ನೋಂಪಿಯ ಫಲವೆಂದೇ ಎಣಿಸಿ, ಮುಂದಿನ ಲಾಭಕ್ಕಾಗಿ ಮತ್ತೊಂದನ್ನು ಹಿಡಿಯುವವನು ಸುತ್ತು ಹಾಕಿದ ಹಕ್ಕಿಗಿಂತ ಎಷ್ಟು ದೂರದಲ್ಲಿದ್ದಾನೆ? ಆ ಬಯಕೆಗೆ ನಿದಾನವೆಂದು ಹೆಸರು. ಅದು ಶಲ್ಯ, ಒಳಗೆ ನೆಟ್ಟ ಮುಳ್ಳು. ಒಪ್ಪೊತ್ತು ಮಾಡಿದ ಮಗುವಿಗೆ ಒಡನೆಯೇ ಸಿಹಿಯ ಬಹುಮಾನವಿತ್ತು ಈ ಮುಳ್ಳನ್ನು ಹಿರಿಯರೇ ನೆಡುವುದುಂಟು.

ಪಾರಣೆಯ ದಿನ ಅಡಿಗೆ ಸಿದ್ಧವಾಗಿದ್ದರೂ ಗೃಹಸ್ಥನು ಮೊದಲು ಬಾಗಿಲಲ್ಲಿ ನಿಂತು ಪಾತ್ರದ ದಾರಿಯನ್ನು ನೋಡಬೇಕೆಂಬ ದ್ವಾರಾಪ್ರೇಕ್ಷಣದ ವಿಧಿಯುಂಟು. ಮುನಿಗಳು ಬರಬಹುದು, ಬಾರದಿರಬಹುದು. ಆ ನಿಲುವಿನಲ್ಲಿ ಕಣ್ಣು ಬೀದಿಯ ಕಡೆಗಿರುತ್ತದೆ, ಒಲೆಯ ಕಡೆಗಲ್ಲ.