ಮಳೆ ಬಾರದ ದಿನದ ಪ್ರಮಾದ

ಅಹಿಂಸೆಯ ಮಾತು ಬಂದೊಡನೆ ಜೈನ ಗೃಹಸ್ಥರ ಗಮನ ಸಾಮಾನ್ಯವಾಗಿ ಅಡಿಗೆಮನೆಯ ಕಡೆಗೆ ಹರಿಯುತ್ತದೆ. ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು, ಕಂದಮೂಲಗಳನ್ನು ವರ್ಜಿಸುವುದು ಇವೆಲ್ಲ ತಲೆತಲಾಂತರದಿಂದ ರೂಢಿಯಾಗಿ ಬಂದಿರುವ ಆಚಾರಗಳು. ಆದರೆ ಅದೇ ಮನೆಯ ಬಾಗಿಲಲ್ಲಿ ನಿಂತಿರುವ ವಾಹನದ ವೈಪರು ಮಳೆಯಲ್ಲಿ ಗಾಜನ್ನು ಒರೆಸುತ್ತದೆಯೇ ಎಂಬ ಪ್ರಶ್ನೆಯನ್ನು ಧರ್ಮದ ಪ್ರಶ್ನೆಯೆಂದು ಎಣಿಸುವವರು ವಿರಳ. ಅದು ಗ್ಯಾರೇಜಿನವರ ವಿಷಯವೆಂದು ಬಿಟ್ಟುಬಿಡುವುದೇ ವಾಡಿಕೆ. ಈ ವಾಡಿಕೆ ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಣೀಯವಾಗಿದೆ.

ಬೆಂಗಳೂರಿನ ಉತ್ತರಕ್ಕೆ, ಹೆಬ್ಬಾಳದ ಬಳಿಯ ಕೆಂಪಾಪುರದಲ್ಲಿ ಒಬ್ಬ ಶ್ರಾವಕರಿದ್ದಾರೆಂದು ಭಾವಿಸೋಣ. ತಂದೆಯ ಕಾಲದಲ್ಲಿ ಕೊಂಡ ಹಳೆಯ ಮ್ಯಾಟಡಾರ್ ವ್ಯಾನು ಅವರಲ್ಲಿದೆ. ಒಂದು ಕಾಲಕ್ಕೆ ಅಂಗಡಿಯ ಸಾಮಾನು ಸಾಗಿಸಿದ ಆ ವಾಹನವನ್ನು ಈಗ ಅಭಿಮಾನದಿಂದ ಉಳಿಸಿಕೊಂಡಿದ್ದಾರೆ. ಬಂಧುಗಳನ್ನು ಕ್ಷೇತ್ರಗಳಿಗೆ ಕರೆದೊಯ್ಯುವುದೂ ಅದರಲ್ಲಿಯೇ. ಅದರ ವೈಪರು ಗಾಜಿನ ನಡುವಿನವರೆಗೆ ಬಂದು ನಿಂತುಬಿಡುತ್ತದೆ. ಕೈಯಿಂದ ತಳ್ಳಿದರೆ ಮತ್ತೆ ನಾಲ್ಕು ಬಾರಿ ಆಡುತ್ತದೆ. ಮಳೆಗಾಲದಲ್ಲಿ ಅದು ನೆನಪಾಗುತ್ತದೆ, ಬಿಸಿಲು ಬಂದೊಡನೆ ಮರೆತುಹೋಗುತ್ತದೆ. ಹೀಗೆಯೇ ಎರಡು ಮಳೆಗಾಲ ಕಳೆದಿವೆ. ಈಗ ಶ್ರವಣಬೆಳಗೊಳದಲ್ಲಿ ಚಾತುರ್ಮಾಸ ಕೈಗೊಂಡಿರುವ ಮುನಿಗಳ ದರ್ಶನಕ್ಕೆ ಹೊರಡಬೇಕಾಗಿದೆ. ಗೊರಗುಂಟೆಪಾಳ್ಯ, ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣಗಳ ಮೇಲೆ ಸುಮಾರು 150 ಕಿಲೋಮೀಟರ್ ದಾರಿ. ಗಾಜಿಗೆ ಒಂದಿಷ್ಟು ಬೀಡಿಯ ಹೊಗೆಸೊಪ್ಪು ತಿಕ್ಕಿದರೆ ನೀರು ಜಾರಿಹೋಗುತ್ತದೆಂದು ಚಾಲಕ ಹೇಳುತ್ತಾನೆ. ಹೊರಡಬಹುದೇ?

ಈ ಪ್ರಯಾಣದಲ್ಲಿ ಒಂದು ವಿಪರ್ಯಾಸವಿದೆ. ಮಳೆಗಾಲದಲ್ಲಿ ನೆಲದ ಮೇಲೆ ಹುಲ್ಲು, ಹುಳು, ಕ್ರಿಮಿಗಳು ಹೇರಳವಾಗಿರುವುದರಿಂದ ಕಾಲಡಿಯಲ್ಲಿ ಜೀವಗಳು ನಲುಗಬಾರದೆಂದು ಮುನಿಗಳು ವಿಹಾರವನ್ನೇ ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಉಳಿದ ಕಾಲದಲ್ಲಿಯೂ ನಾಲ್ಕು ಮೊಳದಷ್ಟು ನೆಲವನ್ನು ನೋಡಿಕೊಂಡೇ ಹೆಜ್ಜೆಯಿಡುವುದು ಅವರ ಈರ್ಯಾಸಮಿತಿ. ಅಂಥವರ ದರ್ಶನಕ್ಕೆ ಹೋಗುವ ಶ್ರಾವಕರು ಮುಂದಿನ ದಾರಿಯೇ ಕಾಣದ ವಾಹನದಲ್ಲಿ ಮಳೆಯ ನಡುವೆ ಧಾವಿಸುವುದು ಎಂಥ ಭಕ್ತಿ? ಗೃಹಸ್ಥರಿಗೆ ಮುನಿಗಳ ಮಹಾವ್ರತವಿಲ್ಲ ನಿಜ. ಆದರೆ ಆ ವ್ರತದ ಆಶಯವನ್ನು ಅಣುವಿನಷ್ಟಾದರೂ ಪಾಲಿಸಬೇಕೆಂಬುದರಿಂದಲೇ ಅವರದಕ್ಕೆ ಅಣುವ್ರತವೆಂಬ ಹೆಸರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಗೃಹಸ್ಥನಿಗೆ ತ್ಯಾಜ್ಯವಾದುದು ಸಂಕಲ್ಪೀ ಹಿಂಸೆ. ಮಳೆಯಲ್ಲಿ ಅಪಘಾತವಾದರೆ ಅದರಲ್ಲಿ ಕೊಲ್ಲುವ ಸಂಕಲ್ಪವೆಲ್ಲಿದೆ? ಅದು ವಿಧಿ, ಅಥವಾ ಹೆಚ್ಚೆಂದರೆ ಆರಂಭೀ ಹಿಂಸೆ ಎಂಬುದು ಆ ಆಕ್ಷೇಪದ ಸಾರ. ಮೇಲ್ನೋಟಕ್ಕೆ ಇದು ಸರಿಯೆಂದೇ ತೋರುತ್ತದೆ. ಆದರೆ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದದ ಯೋಗವನ್ನು ಮುಂದಿಡುತ್ತದೆ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಇದನ್ನೇ ವಿಸ್ತರಿಸಿ, ಯತ್ನಪೂರ್ವಕ ನಡೆವವನಿಂದ ಅಕಸ್ಮಾತ್ ಜೀವ ಹೋದರೂ ಅವನಿಗೆ ಹಿಂಸೆಯ ದೋಷವಿಲ್ಲವೆಂದೂ, ಪ್ರಮತ್ತನಾಗಿ ನಡೆವವನಿಗೆ ಜೀವ ಸತ್ತರೂ ಸಾಯದಿದ್ದರೂ ದೋಷ ತಪ್ಪದೆಂದೂ ತಿಳಿಸಿದ್ದಾರೆ. ಆದುದರಿಂದ ವ್ಯಾನು ಸುಖವಾಗಿ ಬೆಳಗೊಳ ಮುಟ್ಟಿತೆಂಬುದು ಆ ಗೃಹಸ್ಥರ ನಿರ್ದೋಷಕ್ಕೆ ಸಾಕ್ಷಿಯಾಗಲಾರದು.

ಅದೇ ತತ್ತ್ವಾರ್ಥಸೂತ್ರವು ಆರನೆಯ ಅಧ್ಯಾಯದಲ್ಲಿ ಕರ್ಮಾಸ್ರವದ ತಾರತಮ್ಯಕ್ಕೆ ಕಾರಣಗಳನ್ನು ಎಣಿಸುತ್ತ, ಭಾವದ ತೀವ್ರತೆ ಮಂದತೆಗಳೊಡನೆ ತಿಳಿದು ಮಾಡಿದ್ದು, ತಿಳಿಯದೆ ಮಾಡಿದ್ದು ಎಂಬ ಭೇದವನ್ನೂ, ಅಧಿಕರಣ ಅಂದರೆ ಆಶ್ರಯವಾದ ವಸ್ತುವನ್ನೂ ಹೇಳುತ್ತದೆ. ಅಧಿಕರಣದಲ್ಲಿ ಜೀವವೂ ಸೇರಿದೆ, ಅಜೀವವೂ ಸೇರಿದೆ. ಎಂದ ಮೇಲೆ ಕೆಟ್ಟ ವೈಪರಿನ ವ್ಯಾನು ಧರ್ಮವಿಚಾರದ ಹೊರಗೆ ನಿಲ್ಲುವ ಜಡವಸ್ತುವಾಗಲಾರದು. ದಾರಿಯ ನಡುವೆ ಹಠಾತ್ತನೆ ವೈಪರು ಕೆಟ್ಟವನ ಸ್ಥಿತಿ ಬೇರೆ. ಎರಡು ಮಳೆಗಾಲದಿಂದ ಕೆಟ್ಟಿದೆಯೆಂದು ತಿಳಿದಿದ್ದು ಹೊರಟವನ ಸ್ಥಿತಿ ಬೇರೆ. ಎರಡನೆಯವನ ದೋಷವು ಮಳೆ ಸುರಿಯುವ ಆ ಗಳಿಗೆಯಲ್ಲಿ ಹುಟ್ಟಿದ್ದಲ್ಲ. ಆಕಾಶ ನಿರ್ಮಲವಾಗಿದ್ದ ಯಾವುದೋ ದಿನ ‘ನಾಳೆ ನೋಡೋಣ’ ಎಂದಾಗಲೇ ಅದು ಹುಟ್ಟಿತು. ಪ್ರಮಾದದ ಸ್ವಭಾವವೇ ಹೀಗೆ. ಫಲ ಕಾಣುವ ಹೊತ್ತಿಗೆ ಅದರ ಬೀಜ ಹಳತಾಗಿರುತ್ತದೆ.

ಇದು ಬರಿಯ ಶಾಸ್ತ್ರಚರ್ಚೆಯೆಂದು ತೋರಿದವರು ಒಂದು ಸಣ್ಣ ಲೆಕ್ಕವನ್ನು ಮಾಡಬಹುದು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ಕ್ರಮಿಸುತ್ತದೆ. ನೀರಿನ ಪರದೆಯಿಂದ ಎರಡು ಸೆಕೆಂಡು ದಾರಿ ಮರೆಯಾದರೆ ಚಾಲಕ 33 ಮೀಟರ್ ದೂರವನ್ನು ಕುರುಡನಾಗಿ ದಾಟಿದಂತೆ. ಆ ದೂರದಲ್ಲಿ ಕೊಡೆ ಹಿಡಿದು ರಸ್ತೆ ದಾಟುವ ಮುದುಕಿಯಿರಬಹುದು, ಸೈಕಲ್ಲಿನ ಹುಡುಗನಿರಬಹುದು, ನಾಯಿಯಿರಬಹುದು. ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಮಡಿದರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಇವೆಲ್ಲಕ್ಕೂ ವೈಪರು ಕಾರಣವಲ್ಲ. ಆದರೆ ವ್ಯಾನಿನೊಳಗೆ ಕುಳಿತವರಿಗೆ ತಗಡಿನ ರಕ್ಷಣೆಯಾದರೂ ಇದೆ. ಹೊರಗೆ ನಡೆವವರಿಗೆ ಚಾಲಕನ ಕಣ್ಣೊಂದೇ ರಕ್ಷಣೆ.

ವೈಪರಿನ ಇತಿಹಾಸವೂ ಈ ಮಾತಿಗೆ ಒದಗುತ್ತದೆ. ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ ಎಂಬ ಮಹಿಳೆ ನ್ಯೂಯಾರ್ಕಿನಲ್ಲಿ ಹಿಮಮಿಶ್ರಿತ ಮಳೆಯ ದಿನ ಟ್ರಾಮಿನಲ್ಲಿ ಹೋಗುತ್ತಿದ್ದಾಗ, ದಾರಿ ಕಾಣಲೆಂದು ಚಾಲಕನು ಗಾಜನ್ನು ತೆರೆದು ಚಳಿಯಲ್ಲಿ ಒದ್ದಾಡುವುದನ್ನು ಕಂಡರು. ಒಳಗಿನಿಂದ ಹಿಡಿಯನ್ನು ತಿರುಗಿಸಿದರೆ ಹೊರಗಿನ ರಬ್ಬರು ಗಾಜನ್ನು ಒರೆಸುವ ಸಾಧನಕ್ಕೆ 1903ರ ನವೆಂಬರ್ 10ರಂದು ಅವರಿಗೆ ಪೇಟೆಂಟ್ ದೊರೆಯಿತು. ಅದರಿಂದ ಅವರಿಗೆ ಹಣ ಬರಲಿಲ್ಲ. ಅವರು ವಾಹನ ನಡೆಸುವವರಾಗಿರಲಿಲ್ಲ, ಬರಿಯ ಪ್ರಯಾಣಿಕರು. ಆದರೂ ಇನ್ನೊಬ್ಬನ ಕಣ್ಣಿನ ಕಷ್ಟವನ್ನು ತಮ್ಮದೆಂದು ಭಾವಿಸಿದರು.

ಇನ್ನು ದುರಸ್ತಿಯ ವಿಚಾರ. ಹಳೆಯ ವಾಹನಗಳಲ್ಲಿ ವೈಪರು ನಿಂತರೆ ಮೋಟಾರೇ ಸುಟ್ಟಿತೆಂದು ಭಾವಿಸಬೇಕಾಗಿಲ್ಲ. ಫ್ಯೂಸನ್ನು ಮೊದಲು ನೋಡಬೇಕು. ಅನಂತರ ಮೋಟಾರಿನವರೆಗೆ ಕರೆಂಟು ಬರುತ್ತಿದೆಯೇ, ಅರ್ತ್ ತಂತಿ ಬಾಡಿಗೆ ಸೇರುವ ಜಾಗ ತುಕ್ಕು ಹಿಡಿದಿದೆಯೇ ಎಂದು ಪರೀಕ್ಷಿಸಬೇಕು. ಮೋಟಾರನ್ನು ಲಿಂಕ್ ಸಲಾಕೆಗಳಿಂದ ಬಿಡಿಸಿ ಓಡಿಸಿದರೆ ದೋಷ ಯಾವ ಕಡೆಯದೆಂದು ತಿಳಿಯುತ್ತದೆ. ಮೋಟಾರು ಸರಾಗವಾಗಿ ತಿರುಗಿದರೆ, ಕೈ ಕೂಡುವ ಕಡ್ಡಿಗಳಲ್ಲಿ ಗ್ರೀಸು ಒಣಗಿ ಬಿಗಿದಿರುವುದೋ ಬುಷ್ ಸವೆದಿರುವುದೋ ಕಾರಣ. ತಿರುಗದಿದ್ದರೆ ಕಾರ್ಬನ್ ಬ್ರಷ್ ಸವೆದಿರಬಹುದು. ವೈಪರಿನ ಕೈಯ ಸ್ಪ್ರಿಂಗು ಸಡಿಲವಾದರೆ ಬ್ಲೇಡು ಗಾಜಿಗೆ ಒತ್ತುವುದಿಲ್ಲ. ರಬ್ಬರು ಬಿಸಿಲಿಗೆ ಗಟ್ಟಿಯಾದರೆ ಗೆರೆಗೆರೆಯಾಗಿ ನೀರು ಉಳಿಯುತ್ತದೆ. ಒಣಗಾಜಿನ ಮೇಲೆ ವೈಪರು ಓಡಿಸಿ ನೋಡುವುದು ಸಲ್ಲದು. ರಬ್ಬರೂ ಹಾಳು, ಗಾಜಿಗೂ ಗೀರು. ಹೊಗೆಸೊಪ್ಪು ತಿಕ್ಕುವುದು ಈ ಯಾವ ದೋಷವನ್ನೂ ನಿವಾರಿಸದು. ದೋಷವನ್ನು ಮರೆಯುವುದಕ್ಕೆ ಅದು ನೆರವಾಗುತ್ತದೆ, ಅಷ್ಟೆ.

ಹಳೆಯ ವಸ್ತುವನ್ನೇ ಬಳಸುವುದು ಪರಿಗ್ರಹ ಪರಿಮಾಣಕ್ಕೆ ಅನುಗುಣವಾದುದೆಂದೂ, ಅದರ ಬಿಡಿಭಾಗಗಳು ಸಿಗುವುದು ಕಷ್ಟವೆಂದೂ ಕೆಲವರು ಹೇಳಬಹುದು. ಮೊದಲನೆಯ ಮಾತು ಮೆಚ್ಚತಕ್ಕದ್ದೇ. ಆದರೆ ಮಿತವ್ಯಯದ ಲಾಭ ತನಗೂ ಅದರ ಅಪಾಯ ದಾರಿಹೋಕನಿಗೂ ಆದಲ್ಲಿ ಅದನ್ನು ಅಪರಿಗ್ರಹವೆನ್ನಲಾಗದು, ಅದು ಲೋಭವೇ. ಎರಡನೆಯ ಮಾತಿಗೆ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿಯೋ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿಯೋ ಒಂದು ಮಧ್ಯಾಹ್ನ ಕಳೆದ ಮೇಲೆ ಉತ್ತರ ಹೇಳಬಹುದು. ಅಲ್ಲಿಯೂ ಸಿಗದಿದ್ದರೆ ಮಳೆಯಲ್ಲಿ ವಾಹನವನ್ನು ಹೊರಗೆ ತೆಗೆಯದಿರುವ ದಾರಿ ಯಾವಾಗಲೂ ಇದ್ದೇ ಇದೆ.

ಬಸದಿಗಳ ಟ್ರಸ್ಟುಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಈ ಮೂರನ್ನೂ ಜೈನಾಚಾರ್ಯರು ಕರ್ಮದ ದ್ವಾರಗಳೆಂದೇ ಪರಿಗಣಿಸಿದ್ದಾರೆ. ಚಾಲಕ ಹೇಳಿಯೂ ದುರಸ್ತಿಯ ಬಿಲ್ಲನ್ನು ಮುಂದಿನ ಸಭೆಗೆ ಮುಂದೂಡಿದ ಪದಾಧಿಕಾರಿ, ಸ್ಟಿಯರಿಂಗ್ ಹಿಡಿಯದಿದ್ದರೂ ಆ ವಾಹನವನ್ನು ನಡೆಸಿದವನೇ. ದಕ್ಷವಾದ ವೈಪರು ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ವಿಧಿಸಿವೆ. ಆದರೆ ಸರಕಾರದ ಪರೀಕ್ಷೆ ಗೊತ್ತಾದ ಒಂದು ದಿನ ನಡೆಯುತ್ತದೆ. ಮಳೆ ಹೇಳಿ ಬರುವುದಿಲ್ಲ. 2024ರ ಅಕ್ಟೋಬರಿನಲ್ಲಿ ಯಲಹಂಕದ ಸುತ್ತ ಸುರಿದ ಮಳೆಗೆ ವಸತಿ ಸಮುಚ್ಚಯದ ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಗಿ ಬಂದುದನ್ನು ಈ ಭಾಗದವರು ಮರೆತಿರಲಾರರು.

ಕೆಂಪಾಪುರದ ಆ ಗೃಹಸ್ಥರು ಹೊರಡುವ ದಿನವನ್ನು ಒಂದು ವಾರ ಮುಂದೂಡಿ ವ್ಯಾನನ್ನು ಗ್ಯಾರೇಜಿಗೆ ಒಯ್ದರೆಂದು ಎಣಿಸೋಣ. ಮೇಸ್ತ್ರಿ ಎಲ್ಲವನ್ನೂ ಬಿಚ್ಚಿ ನೋಡಿ, “ಮೋಟಾರು ಚೆನ್ನಾಗೇ ಐತೆ ಯಜಮಾನ್ರೇ, ಬುಷ್ ಹೋಗೈತೆ, ಗ್ರೀಸು ಒಣಗೈತೆ. ಒಂದು ದಿನದ ಕೆಲಸ” ಎಂದಾನು. ಎರಡು ಮಳೆಗಾಲಗಳ ಅಪಾಯವು ಒಂದು ದಿನದ ಕೆಲಸಕ್ಕೆ ಕಾದಿತ್ತೆಂದು ತಿಳಿದಾಗ ಅವರಿಗೆ ನಾಚಿಕೆಯಾದರೆ ಅದೂ ಒಂದು ಬಗೆಯ ಪ್ರತಿಕ್ರಮಣವೇ ಸರಿ.

ಚಾತುರ್ಮಾಸವು ಆಷಾಢ ಶುಕ್ಲ ಚತುರ್ದಶಿಯಂದು ಆರಂಭವಾಗುತ್ತದೆ. ಅದಕ್ಕೆ ಒಂದು ವಾರ ಮುಂಚೆ ಪ್ರತಿ ಮನೆಯಲ್ಲಿಯೂ ಪ್ರತಿ ಟ್ರಸ್ಟಿನಲ್ಲಿಯೂ ವಾಹನದ ಗಾಜಿನ ಮೇಲೆ ಒಂದು ಕೊಡ ಸೋಸಿದ ನೀರನ್ನು ಸುರಿದು, ವೈಪರನ್ನು ಓಡಿಸಿ, ಚಾಲಕನ ಆಸನದಲ್ಲಿ ಕುಳಿತು ದಾರಿ ಕಾಣುವುದೇ ಎಂದು ನೋಡುವ ಪದ್ಧತಿಯನ್ನು ಇಟ್ಟುಕೊಂಡರೆ ಒಳಿತು. ಅದಕ್ಕೆ ಹಿಡಿಯುವುದು ಐದು ನಿಮಿಷ.